ಹಂದಿಯದೋ, ದನದ್ದೋ, ಲೋಹದ್ದೋ? ಆಪರೇಷನ್‌ಗೆ ಮೊದಲು ಮುಸ್ಲಿಂ ಮನೆಯವರಿಗೆ ಒಂದು ಹೋಲಿಕೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಹೃದಯದ ಆಪರೇಷನ್‌ಗೆ ಹೋಗುವವರ ಜೊತೆ ನಾನು ಆಗಾಗ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತೇನೆ. ರಕ್ತ ಹೊಂದಿಸುವುದು, ಫಾರ್ಮ್ ತುಂಬುವುದು, ಡಾಕ್ಟರ್ ಹೇಳಿದ್ದನ್ನು ಮನೆಯವರಿಗೆ ಬಿಡಿಸಿ ಹೇಳುವುದು, ಇಷ್ಟು ನನ್ನ ಕೆಲಸ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಹೃದಯ ಆಪರೇಷನ್‌ಗೆ ಊರು ಬಿಟ್ಟು ಹೋಗುವುದೇ ಪದ್ಧತಿ. ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ನಾವು ದಕ್ಷಿಣಕ್ಕೆ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಡಾಕ್ಟರ್. ಅಂಥ ಕಡೆ, ಸಹಿ ಹಾಕುವ ಹೊತ್ತಿಗೆ, ಮನೆಯ ಹಿರಿಯರೊಬ್ಬರು ಮೆಲ್ಲಗೆ ಕೇಳುತ್ತಾರೆ: "ಈ ವಾಲ್ವ್ ಹಂದಿಯದಂತೆ, ಹೌದಾ?"

ವಾಲ್ವ್ ಅಂದರೆ ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವ ಹೃದಯದ ಕವಾಟ. ಹಾಳಾದರೆ ಅದರ ಜಾಗಕ್ಕೆ ಬೇರೆಯದನ್ನು ಹಾಕುತ್ತಾರೆ. ಪ್ರಶ್ನೆ ಸರಿಯಾದದ್ದೇ. ಕೇಳುವ ಹೊತ್ತು ಮಾತ್ರ ತಡವಾಗಿರುತ್ತದೆ. ಈ ಬರಹ ಅದಕ್ಕೇ. ನಾನು ಡಾಕ್ಟರ್ ಅಲ್ಲ, ಆಲಿಮ್ (ಧರ್ಮಪಂಡಿತ) ಕೂಡ ಅಲ್ಲ. ಆದರೆ ಎರಡೂ ಕಡೆಯವರ ಹತ್ತಿರ ಕೇಳಿ, ಓದಿ ತಿಳಿದದ್ದನ್ನು ಒಂದೇ ಕಡೆ ಇಟ್ಟರೆ ಮನೆಯವರಿಗೆ ಅನುಕೂಲ ಅನಿಸಿತು.

ಧರ್ಮ ಏನು ಹೇಳುತ್ತದೆ

ಒಂದು ಹದೀಸ್‌ನಿಂದ (ಪ್ರವಾದಿಯವರ ನಡೆನುಡಿಯ ವರದಿ) ಶುರು ಮಾಡುತ್ತೇನೆ. ಅರ್ಫಜಾ ಎಂಬ ಸಹಾಬಿಯ (ಪ್ರವಾದಿಯವರ ಸಂಗಡಿಗರು) ಮೂಗು ಯುದ್ಧದಲ್ಲಿ ಹೋಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡರು. ಅದು ನಾರತೊಡಗಿತು. ಆಗ ಪ್ರವಾದಿಯವರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸಿಗೆ ಚಿನ್ನ ನಿಷಿದ್ಧ ಎಂಬುದು ನಮಗೆಲ್ಲ ಗೊತ್ತು. ಅಬೂ ದಾವೂದ್, ತಿರ್ಮಿದಿ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದು ಇದೆ. ಇದರಲ್ಲಿ ಕ್ರಮ ಗಮನಿಸಿ. ಮೊದಲು ಅನುಮತಿ ಇರುವ ವಸ್ತು. ಅದು ಕೆಲಸ ಮಾಡದಿದ್ದಾಗ ನಿಷಿದ್ಧ ವಸ್ತು. ಮುಂದೆ ಹೇಳುವುದೆಲ್ಲ ಈ ಕ್ರಮದ ಮೇಲೆಯೇ ನಿಂತಿದೆ.

ಕುರ್‌ಆನ್‌ನ ಅಲ್ ಬಕರಾ ಅಧ್ಯಾಯದ 173ನೇ ವಚನ ಸತ್ತ ಪ್ರಾಣಿ, ರಕ್ತ, ಹಂದಿಯ ಮಾಂಸವನ್ನು ನಿಷೇಧಿಸುತ್ತದೆ. ಅದೇ ವಚನ, ಬೇರೆ ದಾರಿಯಿಲ್ಲದೆ, ಮಿತಿ ಮೀರದೆ ಬಳಸಿದವರ ಮೇಲೆ ಪಾಪವಿಲ್ಲ ಎಂದೂ ಹೇಳುತ್ತದೆ. ಫಿಕ್ಹ್ (ಧರ್ಮದ ಕಾನೂನು) ಪಂಡಿತರು ಇದರಿಂದ ಎರಡು ನಿಯಮ ತೆಗೆದರು. ಅನಿವಾರ್ಯ ಬಂದಾಗ ನಿಷಿದ್ಧವೂ ಅನುಮತಿಯಾಗುತ್ತದೆ. ಆದರೆ ಅನಿವಾರ್ಯ ಎಷ್ಟಿದೆಯೋ ಅಷ್ಟಕ್ಕೇ ಅನುಮತಿ. ಎರಡನೆಯದನ್ನು ಜನ ಬೇಗ ಮರೆಯುತ್ತಾರೆ.

1985ರಲ್ಲಿ ಮೆಕ್ಕಾದ ಫಿಕ್ಹ್ ಕೌನ್ಸಿಲ್ ಅಂಗ ಜೋಡಣೆಯ ಬಗ್ಗೆ ತೀರ್ಮಾನ ಕೊಟ್ಟಿತು. ತಿನ್ನಲು ಹಲಾಲ್ ಆದ, ಜಬಹ್ ಮಾಡಿದ (ಧರ್ಮದ ಕ್ರಮದಂತೆ ಕೊಯ್ದ) ಪ್ರಾಣಿಯ ಅಂಗವನ್ನು ಮನುಷ್ಯನಿಗೆ ಹಾಕಬಹುದು. ಬೇರೆ ಪ್ರಾಣಿಯದಾದರೆ ಅನಿವಾರ್ಯ ಇದ್ದಾಗ ಮಾತ್ರ. ಹಾಗಾದರೆ ಅನಿವಾರ್ಯ ಅಂತ ಹೇಳುವವರು ಯಾರು? ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಬೇರೆ ವಸ್ತು ಸಿಗುತ್ತದೋ, ಸಿಕ್ಕರೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೋ, ಕಾಯಲು ಸಮಯ ಇದೆಯೋ, ಇವೆಲ್ಲ ವೈದ್ಯಕೀಯ ಸಂಗತಿಗಳು. ಆಲಿಮರು ಫತ್ವಾ ಕೊಡುವುದು ಈ ಸಂಗತಿಗಳ ಮೇಲೆ. ಅಂದರೆ ಫತ್ವಾದ ಅರ್ಧ ಉತ್ತರ ಡಾಕ್ಟರ್ ಬಾಯಲ್ಲಿರುತ್ತದೆ. "ಹಂದಿ ವಾಲ್ವ್ ಹಾಕಿಸಬಹುದಾ?" ಅಂತ ಬರೀ ಒಂದು ಸಾಲು ಕೇಳಿದರೆ ಯಾವ ಮೌಲಾನಾರೂ ಸರಿಯಾದ ಉತ್ತರ ಕೊಡಲಾರರು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಇದೆ. ಭಟ್ಕಳದ ನವಾಯತರು ಶಾಫಿ ಮದ್‌ಹಬ್‌ನವರು (ಮದ್‌ಹಬ್ ಅಂದರೆ ಫಿಕ್ಹ್‌ನ ಪಂಥ). ಶಿರಸಿ, ಹಳಿಯಾಳ, ದಾಂಡೇಲಿ ಕಡೆಯ ಉರ್ದು ಮಾತಾಡುವ ಮನೆಗಳು ಹೆಚ್ಚಾಗಿ ಹನಫಿ. ವಸ್ತು ಪೂರ್ತಿ ರೂಪ ಬದಲಿಸಿದರೆ ಅದರ ಅಶುದ್ಧಿ ಹೋಗುತ್ತದೆ ಎಂಬುದನ್ನು ಹನಫಿ, ಮಾಲಿಕಿ ಪಂಡಿತರು ವಿಶಾಲವಾಗಿ ಒಪ್ಪುತ್ತಾರೆ. ಶಾಫಿಗಳು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಹೆಂಡ ತಾನಾಗಿ ವಿನೆಗರ್ ಆದರೆ, ತೊಗಲು ಹದ ಮಾಡಿದರೆ, ಹೀಗೆ ಕೆಲವೇ ಕಡೆ ಒಪ್ಪುತ್ತಾರೆ. ಹದ ಮಾಡಿದರೂ ಹಂದಿ ಮತ್ತು ನಾಯಿಯ ತೊಗಲು ಅವರ ಪ್ರಕಾರ ಶುದ್ಧವಾಗುವುದಿಲ್ಲ. ಈ ಭೇದ ದೊಡ್ಡ ಸಭೆಗಳಲ್ಲೂ ಕಾಣುತ್ತದೆ. ಹಂದಿಯ ಜೆಲಾಟಿನ್ (ತೊಗಲು, ಮೂಳೆಯಿಂದ ತೆಗೆದು ಕ್ಯಾಪ್ಸೂಲ್‌ಗೆಲ್ಲ ಬಳಸುವ ಅಂಟು) ಬೇಡ ಎಂದು 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಹೇಳಿತು. ರೂಪಾಂತರವಾದ ಜೆಲಾಟಿನ್ ಶುದ್ಧ ಎಂದು 1995ರಲ್ಲಿ ಕುವೈತ್‌ನಲ್ಲಿ ಸೇರಿದ ಇಸ್ಲಾಮಿಕ್ ವೈದ್ಯಕೀಯ ಸಂಸ್ಥೆಯ ಸಭೆ ಹೇಳಿತು. ಆದ್ದರಿಂದ ಶಿರಸಿಯ ಸ್ನೇಹಿತರಿಗೆ ಸಿಕ್ಕ ಉತ್ತರವನ್ನು ಭಟ್ಕಳದ ಮನೆಯವರು ಹಾಗೇ ಎತ್ತಿಕೊಳ್ಳಬಾರದು. ನಿಮ್ಮ ಜಮಾತ್‌ನ ಖಾಜಿಯವರನ್ನೇ ಕೇಳಿ.

ವಿಜ್ಞಾನ ಯಾಕೆ ಪ್ರಾಣಿಯ ಹತ್ತಿರ ಹೋಯಿತು

ಮನುಷ್ಯನ ವಾಲ್ವ್ ಬೇಕಾದಷ್ಟು ಸಿಗುವುದಿಲ್ಲ. ಹಂದಿಯ ಹೃದಯದ ವಾಲ್ವ್ ಗಾತ್ರದಲ್ಲೂ ಆಕಾರದಲ್ಲೂ ನಮ್ಮದಕ್ಕೆ ಹತ್ತಿರ. ದನದ ಹೃದಯದ ಸುತ್ತಲಿನ ಪೊರೆ ಗಟ್ಟಿ, ತೆಳು, ಹೊಲಿಯಲು ಬರುತ್ತದೆ. ಹಸಿಯಾಗಿ ಹಾಕಿದರೆ ದೇಹ ಅದನ್ನು ಸುಮ್ನೆ ಬಿಡುವುದಿಲ್ಲ, ಬೇಗ ಹಾಳಾಗುತ್ತದೆ. 1960ರ ದಶಕದಲ್ಲಿ ಫ್ರಾನ್ಸ್‌ನ ಅಲೈನ್ ಕಾರ್ಪೆಂಟಿಯರ್ ಅದಕ್ಕೆ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದ ದಾರಿ ಕಂಡುಕೊಂಡರು. ಅದು ಅಂಗಾಂಶದ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಜೀವಕೋಶಗಳು ಸಾಯುತ್ತವೆ, ಎಳೆಗಳ ಚೌಕಟ್ಟು ಉಳಿಯುತ್ತದೆ. ದೇಹ ಅದನ್ನು ಹೊರಗಿನದೆಂದು ಅಷ್ಟಾಗಿ ಗುರುತಿಸುವುದಿಲ್ಲ.

ಚರ್ಮ ಹದ ಮಾಡುವ ಕಾರ್ಖಾನೆಗಳಲ್ಲೂ ಇದೇ ಗ್ಲುಟರಾಲ್ಡಿಹೈಡ್ ಬಳಸುತ್ತಾರೆ. ಇದನ್ನು ಓದಿದಾಗ ನನಗೆ ಶಾಫಿ ಫಿಕ್ಹ್‌ನ ತೊಗಲಿನ ನಿಯಮ ನೆನಪಾಯಿತು. ದನದ ಪೊರೆಯ ವಾಲ್ವ್‌ಗೆ ಆ ನಿಯಮ ಹತ್ತುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಪೊರೆ ತೊಗಲಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಆಲಿಮರಿಗೆ ಈ ಸಂಗತಿ ಹೇಳಲೇಬೇಕು. ಹಸಿ ಮಾಂಸದ ತುಂಡನ್ನು ಎದೆಯಲ್ಲಿಡುತ್ತಾರೆ ಎಂದು ಅವರು ತಿಳಿದುಕೊಂಡರೆ ಉತ್ತರ ಬೇರೆ ದಿಕ್ಕಿಗೆ ಹೋದೀತು.

ಹೃದಯದ ವಾಲ್ವ್: ಜಾಸ್ತಿ ಯೋಚಿಸಬೇಕಾದದ್ದು ಇಲ್ಲಿ

ಎಲ್ಲಕ್ಕಿಂತ ಮೊದಲ ಪ್ರಶ್ನೆ: ಬದಲಿಸಲೇಬೇಕಾ? ರಿಪೇರಿ ಆಗುವುದಿಲ್ಲವಾ? ಚಿಕ್ಕಂದಿನಲ್ಲಿ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಕಿರಿದಾಗುವುದು ನಮ್ಮ ದೇಶದಲ್ಲಿ ಈಗಲೂ ಇದೆ. ಅಂಥ ಕೆಲವರಿಗೆ ತೊಡೆಯ ನರದಿಂದ ಬಲೂನ್ ಕಳಿಸಿ ವಾಲ್ವ್ ಅಗಲಿಸುತ್ತಾರೆ. ಎದೆ ತೆರೆಯಬೇಕಿಲ್ಲ, ಹೊಸ ವಾಲ್ವ್ ಬೇಕಿಲ್ಲ. ಸೋರುವ ವಾಲ್ವ್ ಆದರೆ ಹೊಲಿದು, ರಿಂಗ್ ಹಾಕಿ ಸರಿ ಮಾಡುವುದೂ ಉಂಟು. ಸಾಧ್ಯವಿದ್ದರೆ ಇದೇ ಮೊದಲ ಆಯ್ಕೆ. ಧರ್ಮದ ಪ್ರಶ್ನೆಯೂ ಹೆಚ್ಚಾಗಿ ಇಲ್ಲೇ ಮುಗಿಯುತ್ತದೆ.

ಬದಲಿಸಲೇಬೇಕು ಅಂದರೆ ಮುಖ್ಯವಾಗಿ ಮೂರು ದಾರಿ: ಲೋಹ ಅಥವಾ ಕಾರ್ಬನ್‌ನ ಯಾಂತ್ರಿಕ ವಾಲ್ವ್, ದನದ ಪೊರೆಯ ವಾಲ್ವ್, ಹಂದಿಯ ವಾಲ್ವ್. ಮನುಷ್ಯನಿಂದ ಪಡೆದ ವಾಲ್ವ್ ಅಪರೂಪ.

ಯಾಂತ್ರಿಕ ವಾಲ್ವ್‌ನಲ್ಲಿ ಪ್ರಾಣಿಯ ಅಂಶವೇ ಇಲ್ಲ. ನಮ್ಮ ದೇಶದ ಚಿತ್ರಾ ವಾಲ್ವ್ ಈ ಜಾತಿಯದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ತಂಡ ಮಾಡಿದ್ದು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದರು. ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ಗಟ್ಟಿ ಪ್ಲಾಸ್ಟಿಕ್‌ನ ಬಿಲ್ಲೆ, ಹೊಲಿಯಲು ಪಾಲಿಯೆಸ್ಟರ್ ಅಂಚು. ಇದೇ ವಲಿಯತ್ತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ನಮ್ಮ ಕರಾವಳಿಗೆ ಬಂದರು. 2024ರಲ್ಲಿ ತೀರಿಕೊಂಡರು. ಬಡವರ ಕೈಗೆಟುಕುವ ವಾಲ್ವ್ ಕೊಟ್ಟ ಮನುಷ್ಯ. ಅವರ ಹೆಸರನ್ನು ಗೌರವದಿಂದಲೇ ಬರೆಯುತ್ತೇನೆ.

ಯಾಂತ್ರಿಕ ವಾಲ್ವ್ ಸವೆಯುವುದು ತೀರಾ ಕಡಿಮೆ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹಾಗಾಗಿ ರಕ್ತ ತೆಳು ಮಾಡುವ ಮಾತ್ರೆ ಜೀವನಪೂರ್ತಿ ಬೇಕು. ಸಾಮಾನ್ಯವಾಗಿ ವಾರ್ಫರಿನ್, ಇಲ್ಲವೇ ಅಸಿಟ್ರೋಮ್. ಹೊಸ ತರದ ರಕ್ತ ತೆಳು ಮಾತ್ರೆಗಳು ಯಾಂತ್ರಿಕ ವಾಲ್ವ್‌ಗೆ ಆಗುವುದಿಲ್ಲ. ಅಂಥದ್ದೊಂದಾದ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪರೀಕ್ಷೆಯನ್ನು ಹೆಪ್ಪುಗಟ್ಟುವಿಕೆ, ರಕ್ತಸ್ರಾವ ಎರಡೂ ಹೆಚ್ಚಾದ್ದರಿಂದ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಎಂಬ ರಕ್ತ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿರಬೇಕು. ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆ ರಕ್ತ ಹೊರಡುವ ಕಡೆಯದು) ಆದರೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಆದರೆ 2.5ರಿಂದ 3.5ರ ಒಳಗೆ ಇರಬೇಕು. ಕಡಿಮೆಯಾದರೆ ವಾಲ್ವ್ ಕಟ್ಟಿಕೊಳ್ಳಬಹುದು, ಪಾರ್ಶ್ವವಾಯು ಬರಬಹುದು. ಜಾಸ್ತಿಯಾದರೆ ರಕ್ತಸ್ರಾವ.

ನಮ್ಮೂರಿನಲ್ಲಿ ಇದು ಎಷ್ಟು ಕಷ್ಟ ಅನ್ನುವುದನ್ನು ದೊಡ್ಡ ಊರಿನ ಡಾಕ್ಟರ್‌ಗೆ ನೀವೇ ಹೇಳಬೇಕು. ಮಳೆಗಾಲದಲ್ಲಿ ಕುಮಟಾ ಶಿರಸಿ ದಾರಿಯ ದೇವಿಮನೆ ಘಾಟಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತುಹೋಗಿತ್ತು. ಒಳಗಿನ ಹಳ್ಳಿಯಲ್ಲಿರುವ, ಜೊತೆಗೆ ಬರಲು ಯಾರೂ ಇಲ್ಲದ ವಯಸ್ಸಾದವರಿಗೆ ಪದೇ ಪದೇ ಪರೀಕ್ಷೆ ಸುಲಭದ ಮಾತಲ್ಲ. ಊಟದ ವಿಷಯವೂ ಇದೆ. ಬಸಳೆ, ಹರಿವೆ, ನುಗ್ಗೆ ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ವಾರ್ಫರಿನ್‌ನ ಶಕ್ತಿ ತಗ್ಗಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ದಿನಾ ಬಸಳೆ, ಮುಂದಿನ ವಾರ ಒಂದು ಎಲೆಯೂ ಇಲ್ಲ, ಹೀಗೆ ಮಾಡಬಾರದು ಅಷ್ಟೇ. ಡಾಕ್ಟರ್‌ಗೆ ಹೇಳದೆ ನೋವಿನ ಮಾತ್ರೆ, ನಾಟಿ ಔಷಧ ತಗೋಬೇಡಿ. ರಂಜಾನ್‌ನಲ್ಲಿ ಹೇಗೆ ಅನ್ನುವವರಿಗೆ: ಈ ಮಾತ್ರೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಸಂಜೆ. ಇಫ್ತಾರ್ ನಂತರ ತೆಗೆದುಕೊಳ್ಳುವ ಬಗ್ಗೆ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿ.

ಪ್ರಾಣಿಯ ವಾಲ್ವ್‌ಗೆ ಬರೋಣ. ಇದಕ್ಕೆ ರಕ್ತ ತೆಳು ಮಾತ್ರೆ ಹೆಚ್ಚಾಗಿ ಮೊದಲ ಕೆಲವು ತಿಂಗಳು ಸಾಕು, ಬೇರೆ ಕಾರಣ ಇಲ್ಲದಿದ್ದರೆ. ಆದರೆ ಇದು ಸವೆಯುತ್ತದೆ. ಸುಮಾರು 10ರಿಂದ 15 ವರ್ಷ, ಕೆಲವರಿಗೆ ಅದಕ್ಕೂ ಜಾಸ್ತಿ. ಚಿಕ್ಕ ವಯಸ್ಸಿನವರಲ್ಲಿ ಬೇಗ ಕ್ಯಾಲ್ಸಿಯಂ ಕಟ್ಟಿ ಹಾಳಾಗುತ್ತದೆ. ಹಾಗಾಗಿ ವಯಸ್ಸು ದೊಡ್ಡ ಲೆಕ್ಕ. ಅಮೆರಿಕದ ಹೃದಯ ತಜ್ಞರ 2020ರ ಮಾರ್ಗಸೂಚಿ ಅಯೋರ್ಟಿಕ್ ವಾಲ್ವ್‌ಗೆ 50ರ ಒಳಗಿನವರಿಗೆ ಯಾಂತ್ರಿಕ, 65 ದಾಟಿದವರಿಗೆ ಪ್ರಾಣಿಯದು ಎನ್ನುತ್ತದೆ. ನಡುವಿನವರು ಡಾಕ್ಟರ್ ಜೊತೆ ಕೂತು ತೀರ್ಮಾನಿಸಬೇಕು. ಮೈಟ್ರಲ್ ಆದರೆ 65ರ ಒಳಗೆ ಯಾಂತ್ರಿಕದ ಕಡೆ ಒಲವು. ಇದು ದಿಕ್ಕು ತೋರಿಸುವ ಮಾತು, ಕಟ್ಟಪ್ಪಣೆಯಲ್ಲ.

ಹಂದಿಯದಕ್ಕೂ ದನದ್ದಕ್ಕೂ ಏನು ವ್ಯತ್ಯಾಸ? ಎರಡೂ ಹಲವು ದಶಕಗಳಿಂದ ಬಳಕೆಯಲ್ಲಿವೆ. ಬಾಳಿಕೆಯಲ್ಲಿ ಒಂದು ಇನ್ನೊಂದನ್ನು ಎಲ್ಲರಲ್ಲೂ ಮೀರಿಸುತ್ತದೆ ಎನ್ನುವಂಥ ವ್ಯತ್ಯಾಸವಿಲ್ಲ. ಎಡ್ವರ್ಡ್ಸ್ ಕಂಪನಿಯ ಪೆರಿಮೌಂಟ್, ಇನ್‌ಸ್ಪಿರಿಸ್ ದನದ ಪೊರೆಯವು. ಮೆಡ್‌ಟ್ರಾನಿಕ್‌ನ ಹ್ಯಾನ್‌ಕಾಕ್, ಮೊಸಾಯಿಕ್ ಹಂದಿಯವು. ಎದೆ ತೆರೆಯದೆ, ತೊಡೆಯಿಂದ ತೂರಿಸಿ ಹಾಕುವ ಟಾವಿ ವಾಲ್ವ್‌ಗಳಲ್ಲಿ ಯಾಂತ್ರಿಕದ ಆಯ್ಕೆಯೇ ಇಲ್ಲ, ಎಲ್ಲವೂ ಅಂಗಾಂಶದವು. ಆದರೆ ಅಲ್ಲೂ ಸ್ಯಾಪಿಯನ್ ಮತ್ತು ನಮ್ಮ ಗುಜರಾತಿನ ಕಂಪನಿಯ ಮೈವಾಲ್ ದನದ ಪೊರೆಯವು, ಇವೊಲ್ಯೂಟ್ ಹಂದಿಯ ಪೊರೆಯದು. ಕೆಲವರ ಹೃದಯದ ರಚನೆಗೆ ಒಂದು ಮಾದರಿ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಅದನ್ನು ಡಾಕ್ಟರ್ ಹೇಳಬೇಕು.

ಇದನ್ನೆಲ್ಲ ನೋಡಿದರೆ ನನ್ನ ತೀರ್ಮಾನ ಹೀಗೆ. ದಿನ ಗೊತ್ತು ಮಾಡಿ ಮಾಡುವ ಆಪರೇಷನ್‌ನಲ್ಲಿ ಹಂದಿಯ ವಾಲ್ವ್ ಅನಿವಾರ್ಯ ಆಗುವುದು ಬಹಳ ಅಪರೂಪ. ಲೋಹದ್ದೋ ದನದ್ದೋ ಇದ್ದೇ ಇದೆ. "ಅನಿವಾರ್ಯಕ್ಕೆ ಅನುಮತಿ ಇದೆಯಲ್ಲ" ಎಂದು ಕೇಳದೆಯೇ ಒಪ್ಪಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಆಯ್ಕೆ ಇದ್ದಾಗ ಅನಿವಾರ್ಯ ಇಲ್ಲ ಅಲ್ವಾ? ಹಾಗೆಯೇ, ದನದ್ದು ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಂದುಕೊಳ್ಳಬೇಡಿ. ಹೆಚ್ಚಿನ ಕಂಪನಿಗಳು ಜಬಹ್ ಮಾಡಿದ ದನದ್ದು ಎಂದು ಹೇಳುವುದಿಲ್ಲ. ಮೆಕ್ಕಾದ ತೀರ್ಮಾನವನ್ನು ಅಕ್ಷರಶಃ ಓದಿದರೆ ಅದೂ ಪ್ರಶ್ನೆಯೇ. ಆದರೆ ತಿನ್ನಲು ಹಲಾಲ್ ಆದ ಪ್ರಾಣಿ, ಹದ ಮಾಡಿದ ಪೊರೆ ಎಂಬ ಎರಡು ಕಾರಣದಿಂದ ಅದು ಹಂದಿಗಿಂತ ತುಂಬಾ ಹಗುರದ ಪ್ರಶ್ನೆ.

ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಯೋಚಿಸಬೇಕು. ಮದುವೆ, ಮಗು ಮುಂದಿದೆ. ಗರ್ಭದ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಮಗುವಿನ ಅಂಗರಚನೆಗೆ ಹಾನಿ ಮಾಡಬಹುದು. ಆಗ ಹಲವು ಡಾಕ್ಟರ್‌ಗಳು ಮಾತ್ರೆಯ ಬದಲು ಹೆಪಾರಿನ್ ಚುಚ್ಚುಮದ್ದಿಗೆ ಬದಲಿಸುತ್ತಾರೆ. ಆ ಹೆಪಾರಿನ್ ಹೆಚ್ಚಾಗಿ ಬರುವುದು ಹಂದಿಯ ಕರುಳಿನಿಂದ. ಅಂದರೆ ಹಂದಿಯ ಚಿಂತೆಗಾಗಿ ಯಾಂತ್ರಿಕ ವಾಲ್ವ್ ಆರಿಸಿದ ಹುಡುಗಿಗೆ ಮುಂದೆ ಗರ್ಭಿಣಿಯಾದಾಗ ಹಂದಿಯ ಮೂಲದ ಔಷಧವೇ ಬೇಕಾಗಬಹುದು. ದನದ ವಾಲ್ವ್ ಆದರೆ ಗರ್ಭದ ಸಮಯ ಸುಲಭ, ಆದರೆ ಕೆಲವು ವರ್ಷದ ಮೇಲೆ ಇನ್ನೊಂದು ಆಪರೇಷನ್ ಬರುತ್ತದೆ. ಯಾವುದು ಸರಿ ಎಂದು ನಾನು ಹೇಳಲಾರೆ. ಆದರೆ ಈ ಮಾತನ್ನು ಆ ಹುಡುಗಿಯ ಎದುರೇ ಆಡಿ. ಅವಳನ್ನು ಹೊರಗೆ ಕೂರಿಸಿ ಅಪ್ಪ, ಮಾವ ತೀರ್ಮಾನಿಸುವುದನ್ನು ನೋಡಿದ್ದೇನೆ. ಅದು ಅನ್ಯಾಯ.

ಒಂದು ಮಾತು ಸೇರಿಸಬೇಕು. ಶಿರಸಿ, ಸಿದ್ದಾಪುರದ ಎಷ್ಟೋ ಹಿಂದೂ ಮನೆಗಳಲ್ಲಿ ಇದೇ ಪ್ರಶ್ನೆ ತಿರುಗಿ ಬರುತ್ತದೆ. ದನದ ಪೊರೆ ಬೇಡ ಎನ್ನುತ್ತಾರೆ. ಅವರಿಗೆ ಯಾಂತ್ರಿಕ ಅಥವಾ ಹಂದಿಯ ವಾಲ್ವ್ ಇದೆ. ನಿಮ್ಮ ವಾರ್ಡ್‌ನಲ್ಲಿ ಪಕ್ಕದ ಹಾಸಿಗೆಯವರು ಇದೇ ಸಂಕಟದಲ್ಲಿರಬಹುದು. ಕೇಳಲು ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಹೆಪಾರಿನ್: ಯಾರೂ ಕೇಳದ ಔಷಧ

ವಾಲ್ವ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೆಪಾರಿನ್ ಬಗ್ಗೆ ಕೇಳುವವರು ಕಡಿಮೆ. ಎದೆ ತೆರೆದು ಹೃದಯ ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಓಡಿಸುವಾಗ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಡಯಾಲಿಸಿಸ್‌ನಲ್ಲೂ ಅದೇ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಎನಾಕ್ಸಪರಿನ್ ಕೂಡ ಹಂದಿಯ ಮೂಲದ್ದೇ. ಫೊಂಡಾಪರಿನಕ್ಸ್ ಎಂಬ ಪೂರ್ತಿ ರಾಸಾಯನಿಕವಾಗಿ ತಯಾರಿಸಿದ ಔಷಧ ಇದೆ. ಅದು ಕೆಲವು ಕಡೆ ಬದಲಿಯಾಗುತ್ತದೆ, ಕಿಡ್ನಿ ಸರಿ ಇಲ್ಲದವರಿಗೆ ಆಗುವುದಿಲ್ಲ. ಎದೆ ತೆರೆಯುವ ಆಪರೇಷನ್‌ನಲ್ಲಿ ಮಾತ್ರ ಹೆಪಾರಿನ್‌ಗೆ ಸಮನಾದ, ಅಷ್ಟೇ ಅನುಭವ ಇರುವ ಬದಲಿ ಎಲ್ಲ ಕಡೆ ಇಲ್ಲ. ಹೆಪಾರಿನ್‌ಗೆ ಒಂದು ಗುಣವಿದೆ: ಕೆಲಸ ಮುಗಿದ ಕೂಡಲೇ ಅದರ ಪರಿಣಾಮ ಇಳಿಸಬಹುದು. ಇಳಿಸುವ ಪ್ರೋಟಮೈನ್ ಮೂಲತಃ ಸಾಲ್ಮನ್ ಮೀನಿನಿಂದ ಪಡೆದದ್ದು.

ಸಣ್ಣ ತೂಕದ ಅಣುಗಳ ಹೆಪಾರಿನ್ (ಎನಾಕ್ಸಪರಿನ್ ಈ ಜಾತಿಯದು) ಬಗ್ಗೆ 2003ರಲ್ಲಿ ಮೆಕ್ಕಾದ ಅದೇ ಕೌನ್ಸಿಲ್ ಚರ್ಚಿಸಿತು. ಅನುಮತಿ ಇರುವ, ಸಾಕಾಗುವ ಬದಲಿ ಇಲ್ಲದಿದ್ದಾಗ ಬಳಸಬಹುದು ಎಂದಿತು. ಇಲ್ಲಿ ನನಗೆ ಗೊಂದಲ ಇಲ್ಲ. ಆಪರೇಷನ್ ಟೇಬಲ್ ಮೇಲೆ ಹೆಪಾರಿನ್ ಬೇಡ ಎಂದು ಹಟ ಹಿಡಿಯಬೇಡಿ.

ಸುಟ್ಟ ಗಾಯ, ಹಲ್ಲು, ಹೊಲಿಗೆ

ಆಳವಾಗಿ ಸುಟ್ಟ ಗಾಯಕ್ಕೆ ನಿಜವಾದ ಮುಚ್ಚಳ ರೋಗಿಯ ಸ್ವಂತ ಚರ್ಮ. ತೊಡೆಯಿಂದ ತೆಳ್ಳಗೆ ತೆಗೆದು ಹಾಕುತ್ತಾರೆ. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಕೊಲಾಜೆನ್ ಹಾಳೆ ಅಂಟಿಸುತ್ತಾರೆ. ಅದು ದನದ್ದಿರಬಹುದು, ಮೀನಿನದಿರಬಹುದು. ಕೆಲವು ದೇಶಗಳಲ್ಲಿ ಹಂದಿಯ ಚರ್ಮವನ್ನೇ ಹೊದಿಸುವುದುಂಟು. ನಮಗೆ ಖುಷಿ ಕೊಡುವ ಸುದ್ದಿ ಮೀನಿನದು. ಐಸ್‌ಲ್ಯಾಂಡ್‌ನಲ್ಲಿ ಕಾಡ್ ಮೀನಿನ ಚರ್ಮವನ್ನು ಗಾಯಕ್ಕೆ ಹಾಕುವ ವಸ್ತುವಾಗಿ ತಯಾರಿಸುತ್ತಾರೆ. ಬ್ರೆಜಿಲ್‌ನ ಫೋರ್ಟಲೇಝಾದಲ್ಲಿ ಡಾಕ್ಟರ್‌ಗಳು ಟಿಲಾಪಿಯಾ ಮೀನಿನ ಚರ್ಮವನ್ನು ಶುದ್ಧ ಮಾಡಿ ಸುಟ್ಟ ಗಾಯಕ್ಕೆ ಬಳಸಿದ್ದಾರೆ. ಮೀನಿಗೆ ಜಬಹ್ ಬೇಕಿಲ್ಲ. ಶಾಫಿ, ಹನಫಿ ಇಬ್ಬರಿಗೂ ಮೀನು ಹಲಾಲ್. ಇಷ್ಟು ಮೀನು ಬರುವ ನಮ್ಮ ಕರಾವಳಿಯಲ್ಲಿ ಇಂಥ ಕೆಲಸ ಯಾಕೆ ಆಗಬಾರದು ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಮನೆಯಲ್ಲೇ ಮೀನಿನ ಚರ್ಮ ಅಂಟಿಸಲು ಮಾತ್ರ ಹೋಗಬೇಡಿ. ಸೋಂಕು ಖಂಡಿತ.

ಹಲ್ಲಿನ ಇಂಪ್ಲಾಂಟ್ ಹಾಕುವಾಗ ಮೂಳೆ ಸಾಲದಿದ್ದರೆ ಪುಡಿ ಮೂಳೆ ತುಂಬುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಬಯೋ ಆಸ್ ದನದ ಮೂಳೆಯದು. ಕೃತಕ ಕ್ಯಾಲ್ಸಿಯಂ ಫಾಸ್ಫೇಟ್ ಕೂಡ ಸಿಗುತ್ತದೆ. ಔರಂಗಜೇಬನ ಕಾಲದಲ್ಲಿ ಸಂಗ್ರಹಿಸಿದ ಹನಫಿ ಫತಾವಾ ಆಲಂಗೀರಿಯಲ್ಲೇ ಕುರಿ, ದನ, ಒಂಟೆಯ ಮೂಳೆಯಿಂದ ಚಿಕಿತ್ಸೆ ಮಾಡಬಹುದು, ಹಂದಿ ಮತ್ತು ಮನುಷ್ಯನ ಮೂಳೆ ಬೇಡ ಎಂದಿದೆ. ಹಲ್ಲಿನ ಡಾಕ್ಟರ್ ಹತ್ತಿರ ಅವಸರ ಏನಿಲ್ಲ, ಕೇಳಿಯೇ ಹಾಕಿಸಿ.

ಹೊಲಿಗೆ ದಾರದಲ್ಲಿ ಕ್ಯಾಟ್‌ಗಟ್ ಎಂಬುದು ಕುರಿ ಅಥವಾ ದನದ ಕರುಳಿನದು. ಈಗ ಕೃತಕ ದಾರ ಧಾರಾಳ. ಹರ್ನಿಯಾಕ್ಕೆ ಹಾಕುವ ಬಲೆ ಹೆಚ್ಚಾಗಿ ಪಾಲಿಪ್ರೊಪಿಲೀನ್‌ನದು. ಇನ್ಸುಲಿನ್ ಹಿಂದೆ ಹಂದಿ, ದನದ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆಮೇಲೆ ಈ ಚಿಂತೆ ಹೆಚ್ಚುಕಡಿಮೆ ಮುಗಿಯಿತು. ಕ್ಯಾಪ್ಸೂಲ್ ಬಗ್ಗೆ ಸಂಶಯ ಇದ್ದರೆ ಅದೇ ಔಷಧ ಮಾತ್ರೆಯಾಗಿ, ಸಿರಪ್ ಆಗಿ ಇದೆಯಾ ಎಂದು ಕೇಳಿ.

ನವಜಾತ ಶಿಶುವಿನದು ಮಾತ್ರ ಬೇರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಶ್ವಾಸಕೋಶ ಅರಳಲು ಸರ್ಫ್ಯಾಕ್ಟೆಂಟ್ ಎಂಬ ಔಷಧ ಹಾಕುತ್ತಾರೆ. ಕ್ಯೂರೋಸರ್ಫ್ ಹಂದಿಯ ಶ್ವಾಸಕೋಶದಿಂದ, ಸರ್ವಾಂಟಾ ದನದ ಶ್ವಾಸಕೋಶದಿಂದ ತಯಾರಾಗುತ್ತದೆ. ಎರಡೂ ಕೈಯಲ್ಲಿದ್ದರೆ ದನದ್ದು ಕೇಳಬಹುದು. ಆದರೆ ಅಲ್ಲಿ ಸಮಯ ಇರುವುದಿಲ್ಲ. ಇರುವುದನ್ನು ಹಾಕಲಿ. ಅನಿವಾರ್ಯ ಎಂಬ ನಿಯಮ ಇರುವುದೇ ಇಂಥ ಕ್ಷಣಕ್ಕೆ.

ಇಡೀ ಹಂದಿಯ ಹೃದಯ?

2022ರ ಜನವರಿ 7ರಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬೆನೆಟ್ ಎಂಬವರಿಗೆ ಹಂದಿಯ ಹೃದಯ ಜೋಡಿಸಿದರು. ಆ ಹಂದಿಯ 10 ಜೀನ್‌ಗಳನ್ನು ಬದಲಿಸಿದ್ದರು. ಈ ಕೆಲಸದ ಹಿಂದೆ ಕರಾಚಿಯಲ್ಲಿ ಓದಿದ ಡಾ. ಮುಹಮ್ಮದ್ ಮನ್ಸೂರ್ ಮೊಹಿಯುದ್ದೀನ್ ಇದ್ದರು. ಬೆನೆಟ್ ಎರಡು ತಿಂಗಳು ಬದುಕಿದರು. ಆ ಹೃದಯದಲ್ಲಿ ಹಂದಿಯ ಒಂದು ವೈರಸ್ ಕೂಡ ಪತ್ತೆಯಾಯಿತು. ನಮ್ಮ ದೇಶದಲ್ಲಿ 1997ರಲ್ಲೇ ಅಸ್ಸಾಂನ ಡಾ. ಧನಿರಾಮ್ ಬರುವಾ ಹಂದಿಯ ಹೃದಯ ಹಾಕಿದ್ದರು. ರೋಗಿ ಉಳಿಯಲಿಲ್ಲ, ಡಾಕ್ಟರ್ ಬಂಧನವಾಯಿತು. ಇದು ಇವತ್ತಿನ ನಮ್ಮ ಆಯ್ಕೆಯ ಪಟ್ಟಿಯಲ್ಲೇ ಇಲ್ಲ. ಸುದ್ದಿ ನೋಡಿ ಹಂದಿಯ ವಾಲ್ವ್ ಬಗ್ಗೆ ಹೆದರುವುದೂ ಬೇಡ. ವಾಲ್ವ್‌ನಲ್ಲಿ ಜೀವಂತ ಕೋಶ ಇಲ್ಲ, ಇಡೀ ಅಂಗ ಜೀವಂತ. ಎರಡರ ಅಪಾಯವೂ ಬೇರೆ ಬೇರೆ.

ಈಗಾಗಲೇ ಹಾಕಿಸಿಕೊಂಡವರಿಗೆ

ಕುಮಟಾ ಕಡೆಯ ಒಬ್ಬ ಹಿರಿಯರಿಗೆ ತಮ್ಮ ವಾಲ್ವ್ ಹಂದಿಯದೆಂದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ, ಮೊಮ್ಮಗ ಇಂಪ್ಲಾಂಟ್ ಕಾರ್ಡ್ (ಒಳಗೆ ಹಾಕಿದ ವಸ್ತುವಿನ ವಿವರ ಇರುವ ಕಾರ್ಡ್) ಓದಿದಾಗ. ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ, ಮನೆಯವರೂ ಕೇಳಿರಲಿಲ್ಲ. ನಮಾಜ್ ಆಗುತ್ತದಾ ಎಂದು ಅವರು ಊಟ ಬಿಟ್ಟು ಕೂತರು.

ಅವರ ಸಂಕಟಕ್ಕೆ 700 ವರ್ಷಕ್ಕೂ ಹಿಂದೆಯೇ ಉತ್ತರ ಇದೆ. 1277ರಲ್ಲಿ ತೀರಿಕೊಂಡ ಇಮಾಮ್ ನವವಿ ಶಾಫಿ ಮದ್‌ಹಬ್‌ನ ದೊಡ್ಡ ಪಂಡಿತರು. ಮುರಿದ ಮೂಳೆಗೆ ಶುದ್ಧ ಮೂಳೆ ಸಿಗದೆ ಅಶುದ್ಧವಾದದ್ದನ್ನು ಜೋಡಿಸಿದವನಿಗೆ ವಿನಾಯಿತಿ ಇದೆ ಎಂದು ಅವರು ಬರೆದಿದ್ದಾರೆ. ಶುದ್ಧವಾದದ್ದು ಸಿಗುತ್ತಿದ್ದರೂ ಜೋಡಿಸಿದ್ದರೆ ತೆಗೆಯಬೇಕು, ಆದರೆ ತೆಗೆದರೆ ಎದ್ದು ಕಾಣುವ ಹಾನಿಯ ಭಯ ಇದ್ದರೆ ತೆಗೆಯಬೇಕಿಲ್ಲ. ಹೃದಯದ ವಾಲ್ವ್ ಕಿತ್ತು ತೆಗೆಯುವುದೆಂದರೆ ಜೀವಕ್ಕೇ ಅಪಾಯ. ಧರ್ಮದ ಕಾರಣಕ್ಕೆ ಎರಡನೇ ಆಪರೇಷನ್ ಯೋಚನೆ ಮಾಡಲೇಬೇಡಿ. ಊರಿನ ಮೌಲಾನಾರು ಅವರಿಗೆ ಇದನ್ನೇ ಹೇಳಿದರು. ಅವರು ಈಗ ಐದು ಹೊತ್ತೂ ಮಸೀದಿಗೆ ಹೋಗುತ್ತಾರೆ.

ಕೇಳುವುದು ಹೇಗೆ, ಯಾವಾಗ

ಆಪರೇಷನ್ ದಿನ ಗೊತ್ತು ಮಾಡುವ ಮೊದಲ ಭೇಟಿಯಲ್ಲೇ ಸರ್ಜನ್ ಹತ್ತಿರ ಹೇಳಿ: "ನಮಗೆ ಹಂದಿಯ ಅಂಗಾಂಶ ಬೇಡ, ಬೇರೆ ಏನಿದೆ?" ರಿಪೇರಿ ಸಾಧ್ಯವಾ, ನೀವು ಹಾಕುವ ವಾಲ್ವ್ ಯಾವ ಕಂಪನಿಯದು, ಯಾವ ಪ್ರಾಣಿಯದು, ದನದ್ದು ಅಥವಾ ಯಾಂತ್ರಿಕದ್ದು ಹಾಕಿದರೆ ನಮ್ಮ ರೋಗಿಗೆ ನಷ್ಟ ಏನು, ಆಪರೇಷನ್ ಮಧ್ಯೆ ಅಳತೆ ಹೊಂದದಿದ್ದರೆ ಏನು ಮಾಡುತ್ತೀರಿ, ಇಷ್ಟು ಕೇಳಿ. ಆಯುಷ್ಮಾನ್ ಕಾರ್ಡ್‌ನಲ್ಲಿ ಯಾವ ವಾಲ್ವ್ ಬರುತ್ತದೆ, ಬೇರೆ ಬೇಕಾದರೆ ಎಷ್ಟು ತುಂಬಬೇಕು ಎಂದು ಬಿಲ್ಲಿಂಗ್ ಕೌಂಟರಲ್ಲಿ ವಿಚಾರಿಸಿ. ದನದ ವಾಲ್ವ್ ಮೊದಲೇ ತರಿಸಬೇಕಾಗಬಹುದು. ಕೊನೆಯ ರಾತ್ರಿ ಕೇಳಿದರೆ ಅದು ಸಿಗದೇ ಇರಬಹುದು.

ಸರ್ಜನ್ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವಯಸ್ಸು, ಯಾವ ವಾಲ್ವ್, ಯಾವ ಬದಲಿ, ಬದಲಿಯ ತೊಂದರೆ ಏನು, ಎಷ್ಟು ದಿನ ಕಾಯಬಹುದು. ಆ ಹಾಳೆ ಹಿಡಿದು ಖಾಜಿ ಅಥವಾ ಮುಫ್ತಿಯವರ ಹತ್ತಿರ ಹೋಗಿ. ಸಾಧ್ಯವಾದರೆ ಅವರನ್ನೂ ಡಾಕ್ಟರನ್ನೂ ಫೋನಲ್ಲಿ ಮಾತಾಡಿಸಿ. ಎಷ್ಟೋ ಡಾಕ್ಟರ್‌ಗಳು ಸಂತೋಷದಿಂದ ಮಾತಾಡುತ್ತಾರೆ. ತೀರ್ಮಾನವಾದ ಮೇಲೆ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲೂ ಕೇಸ್ ಶೀಟ್‌ನಲ್ಲೂ "ಹಂದಿಯ ವಾಲ್ವ್ ಬೇಡ, ಜೀವಾಪಾಯ ಬಂದರೆ ಮಾತ್ರ ಸರ್ಜನ್ ನಿರ್ಧಾರ" ಎಂದು ಬರೆಸಿ. ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟ್ ಕಾರ್ಡ್ ಕೇಳಿ ತೆಗೆದುಕೊಳ್ಳಿ. ಅದರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಮುಂದೆ ಹಲ್ಲು ಕೀಳಿಸುವಾಗ, ಸ್ಕ್ಯಾನ್ ಮಾಡಿಸುವಾಗ ಡಾಕ್ಟರ್‌ಗಳು ಮೊದಲು ಕೇಳುವುದು ಅದನ್ನೇ.